ಬಾದಾಮಿ ತಂದುಕೊಟ್ಟ ಮುದ್ದೆ

ಸಕಲೇಶಪುರ
9 ಡಿಸೆಂಬರ್ 2024

ಸುಮಿ,

ಹೆಂಗಿದೀಯ ಅಂತ ಕೇಳಲ್ಲ. ಫೋನ್ ಮಾಡಿ ಮಾಡಿ ಸಾಕಾಯ್ತು, ನನ್ನ ನಂಬರು ಬ್ಲಾಕ್ ಮಾಡಿದೀಯ ಅಂತ ಕೊನೆಗೆ ನನ್ನ ತಲೆಗೆ ಹೋಯ್ತು. ಅದಕ್ಕೇ ಕಾಗದ. ಆಸ್ಪತ್ರೆಗೆ ಬಟ್ಟೆ ತಗೊಂಡು ಹೋಗೋಣ ಅಂತ ಹಾಸನದಿಂದ ಇವತ್ತು ಮನೆಗೆ ಬಂದೆ. ನಿಮ್ಮ ತೋಟದ ಕೂಲಿ ಲೈನಲ್ಲಿರೋ ಚೌಡಮ್ಮ ಸಂತೆಗೆ ಬಂದಿದ್ಳು, ಅವಳ ಕೈಲಿ ಕೊಟ್ಟು ಕಳಿಸ್ತಿದೀನಿ. ನಿನ್ನ ಕೈಗೇ ಕೊಡ್ಬೇಕು, ನಿನ್ನ ಗಂಡನ ಕಣ್ಣಿಗೆ ಬೀಳಬಾರ್ದು ಅಂತ ಆಣೆ ಮಾಡಿಸ್ಕೊಂಡಿದೀನಿ.

ಇವರ ಬಲಗೈ ಹೋಯ್ತು ಕಣೇ. ಎರಡು ಬೆರಳು ನೇತಾಡ್ತಿದ್ವು, ಅವನ್ನಾದ್ರೂ ಉಳಿಸಿ ಅಂತ ಡಾಕ್ಟ್ರ ಕಾಲು ಹಿಡಿದೆ. "ಅಮ್ಮಾ, ಅದು ಬೆರಳಲ್ಲ, ಬರೀ ಚರ್ಮ" ಅಂದ್ರು. ಮೊಣಕೈ ಕೆಳಗೆ ಕತ್ತರಿಸಿ ಹಾಕಿದ್ರು. ಮುಖದ ಒಂದು ಕಡೆ ಸುಟ್ಟು ಕರಕಲಾಗೈತೆ. ಎಚ್ಚರ ಆದಾಗ ಇವರು ಮೊದ್ಲು ಕೇಳಿದ್ದು ನನ್ನನ್ನಲ್ಲ, ನಾಯೀನ. "ಬಾದಾಮಿ ಬದುಕೈತಾ?" ಅಂದ್ರು. ಬದುಕೈತೆ. ಒಂದು ಕಣ್ಣು ಹೋಗೈತೆ, ಕಿವಿ ಕೇಳಲ್ಲ, ನಮ್ಮ ಶೆಡ್ಡಿನ ಮೂಲೆ ಬಿಟ್ಟು ಏಳಲ್ಲ.

ಆವತ್ತು ನೀನು ಅಲ್ಲೇ ಇದ್ದೆ. ಆದ್ರೂ ನಡೆದಿದ್ದನ್ನ ಬರೀತೀನಿ, ಯಾಕಂದ್ರೆ ನೀನೂ ನಿನ್ನ ಗಂಡನೂ ಪೊಲೀಸರ ಹತ್ರ ಹೇಳಿರೋದು ಬೇರೆ. ಇವರು ಹಾಸನದ ಗಂಡ ಹೆಂಡ್ತೀನ, ಅವರ ದೊಡ್ಡ ಬಿಳಿ ನಾಯೀನ ತಮ್ಮ ಟೂರಿಸ್ಟ್ ವ್ಯಾನಲ್ಲಿ ಕೂರಿಸ್ಕೊಂಡು, ಆಲೂರು ಕಡೆ ಒಂದು ವೈನರಿ ತೋರಿಸಿ, ಮಧ್ಯಾಹ್ನ ಹೆಗ್ಗದ್ದೇಲಿರೋ ನಿಮ್ಮ ವೈನರಿಗೆ ಬಂದ್ರು. ಮುಂದಿನ ಸೀಟಲ್ಲಿ ಯಾವತ್ತಿನಂಗೆ ಬಾದಾಮಿ. ಗೆಸ್ಟುಗಳು ಜಗಲಿ ಮೇಲೆ ನಿನ್ನ ಅನಾನಸ್ ವೈನ್ ಕುಡೀತಾ ಕೂತ್ರು. ಬಂದ ನಾಯಿಗೆಲ್ಲ ನಿಮ್ಮಲ್ಲಿ ಒಂದು ಮರ್ಯಾದೆ ಐತಲ್ಲ, ಒಣಮೀನು ಪುಡಿ ಹಾಕಿ ಚೌಡಮ್ಮ ಮಾಡೋ ರಾಗಿ ಮುದ್ದೆ, ಅದಿನ್ನೂ ಬಂದಿರ್ಲಿಲ್ಲ. ಅಷ್ಟರಲ್ಲಿ ಬಾದಾಮಿ ನೀವು ಹಿಂಡಿದ ಹಣ್ಣಿನ ಸಿಪ್ಪೆ ಸುರಿಯೋ ಗುಂಡಿ ಕಡೆ ಹೋಗಿ, ಬಾಯಲ್ಲಿ ಒಂದು ಮುದ್ದೆ ಕಚ್ಕೊಂಡು ಬಂತು.

ಅದಕ್ಕಿಂತ ಮುಂಚೆ ನಮ್ಮಲ್ಲಿದ್ದ ನಾಯಿ ಯಾರೋ ತೋಟದಲ್ಲಿ ಹಾಕಿದ್ದ ವಿಷ ತಿಂದು ಸತ್ತಿತ್ತು, ನಿಂಗೊತ್ತು. ಅದಕ್ಕೇ ಇವರು ಬಾದಾಮಿಗೆ ಮರಿಯಿಂದ ಒಂದೇ ಪಾಠ ಕಲಿಸಿದ್ದು. ಬಿದ್ದಿದ್ದನ್ನ ತಿನ್ನಬೇಡ, ಮೊದ್ಲು ನನ್ನ ಕೈಗೆ ತಂದುಕೊಡು ಅಂತ. ಅದು ಹಲ್ಲು ಊರದಂಗೆ ತಂದು ಇವರ ಅಂಗೈಲಿ ಇಟ್ಟು ಬಾಲ ಆಡಿಸ್ತು. ನಿಮ್ಮ ಮುದ್ದೇನೇ ತಾನೇ ಅಂದ್ಕೊಂಡು ಇವರು, ಪಾಪ ಆ ಬಿಳಿ ನಾಯಿಗೂ ಅರ್ಧ ಕೊಡೋಣ ಅಂತ ಮುರಿದ್ರು. ಒಳಗಿದ್ದದ್ದು ಹಂದಿ ಹೊಡೆಯೋ ಸಿಡಿಮದ್ದು.

ಈಗ ಪೊಲೀಸರು ಹೇಳ್ತಾರೆ, ಮದ್ದು ವ್ಯಾನಲ್ಲಿ ತಂದೋರು ಇವರೇ ಅಂತ. ಕಾಡುಹಂದಿ ಹೊಡೆದು ಮಾಂಸ ಮಾರೋಕಂತೆ! ಹಂದಿ ಹೆಸರು ಎತ್ತಿದ್ರೆ ನಮ್ಮತ್ತೆ ಬಾಯಿ ಮುಕ್ಕಳಿಸೋ ಮನೆ ಇದು. "ನಾಯಿ ಒಂದು, ಹೆಂಡ ಒಂದು, ಎರಡನ್ನೂ ಗಾಡಿಗೆ ಹಾಕ್ಕೊಂಡು ತಿರುಗ್ತೀಯಲ್ಲೋ ಮಾರಾಯ" ಅಂತ ದಿನಾ ಬಯ್ಯೋರು, ಈಗ ಇದೂ ಸೇರ್ತು. ಮದ್ದು ಇವರದ್ದು ಅಂತ ಪೊಲೀಸರಿಗೆ ಹೇಳಿದೋನು ನಿನ್ನ ಗಂಡ. ಹೌದು ಅಂತ ಸಹಿ ಹಾಕಿದೋಳು ನೀನು.

ಮದ್ದು ಇಟ್ಟೋನು ನಿನ್ನ ಗಂಡ ರೇವಂತ. ಅವನ ಕೈಗೆ ಹುಳ ಬೀಳ. ನೀನು ಠಾಣೆಗೆ ಹೋಗಿ ಅದನ್ನ ಹೇಳು. ಇಲ್ದಿದ್ರೆ ಕೈ ಹೋದೋರೇ ಜೈಲಿಗೂ ಹೋಗ್ತಾರೆ.

ನಿನ್ನ ಜೊತೆ ಒಂದೇ ಬೆಂಚಲ್ಲಿ ಕೂತು ಓದಿದ ತಪ್ಪಿಗೆ,
ನಸ್ರೀನ್


ಹೆಗ್ಗದ್ದೆ
18 ಡಿಸೆಂಬರ್ 2024

ನಸ್ರೀನ್,

ಪತ್ರ ತಲುಪಿತು. ವಸೀಂ ಭಾಯಿಯ ಸ್ಥಿತಿ ಓದಿ ಎರಡು ದಿನ ಊಟ ಸೇರಲಿಲ್ಲ. ಅವರು ಬೇಗ ಚೇತರಿಸಿಕೊಳ್ಳಲಿ ಎಂದು ದಿನವೂ ದೀಪ ಹಚ್ಚುತ್ತಿದ್ದೇನೆ. ನೀನು ನಂಬುವುದಿಲ್ಲ ಎಂದೂ ಗೊತ್ತು.

ಆದರೆ ನೀನು ಬರೆದ ರೀತಿ ಸರಿಯಿಲ್ಲ. ನಮಗೂ ನಷ್ಟವಾಗಿದೆ. ಗೆಸ್ಟುಗಳು ಬರುವುದು ನಿಂತಿದೆ, ಜಗಲಿಯ ಗೋಡೆಯ ಮೇಲಿನ ರಕ್ತ ಸುಣ್ಣ ಬಳಿದರೂ ಹೋಗುತ್ತಿಲ್ಲ, ಲೈಸೆನ್ಸ್ ರದ್ದಾಗಬಹುದು ಎಂಬ ಮಾತಿದೆ. ನಾನು ಒಬ್ಬಳೇ ಹಣ್ಣು ಕೊಚ್ಚಿ, ಡ್ರಮ್ಮು ತೊಳೆದು, ಐದು ವರ್ಷದಿಂದ ಕಟ್ಟಿದ ವೈನರಿ ಇದು. ರೇವಂತ್ ಮನೆಯವರು ಲಿಂಗ ಕಟ್ಟಿದ ಮನೆಯಲ್ಲಿ ಹೆಂಡ ಕಾಯಿಸುತ್ತಾಳೆ ಎಂದು ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದರು. ಆಗ ಗೆಸ್ಟುಗಳನ್ನು ಮೊದಲು ಕರೆತಂದವರು ವಸೀಂ ಭಾಯಿಯೇ. ನಾಯಿ ಇದ್ದವರನ್ನು ಯಾವ ಗಾಡಿಯವರೂ ಹತ್ತಿಸುವುದಿಲ್ಲ, ನಾನು ಹತ್ತಿಸುತ್ತೇನೆ ಎಂದು ಹೇಳಿ ಈ ದಾರಿ ತೋರಿಸಿದವರು ಅವರು. ಅದನ್ನು ನಾನು ಮರೆತಿಲ್ಲ.

ಪೊಲೀಸರು ಕೇಳಿದರು, ಗೊತ್ತಿದ್ದಷ್ಟು ಹೇಳಿದೆ. ವಸೀಂ ಭಾಯಿ ಬಿಸಿಲೆ ಕಾಡಿನ ಕಡೆಗೂ, ಆಲೂರಿಗೂ ಹೋಗಿ ಬರುವವರು, ಯಾರು ಏನು ಕೊಟ್ಟು ಕಳಿಸಿದ್ದರೋ ಯಾರಿಗೆ ಗೊತ್ತು? ಹಿಂದಿನ ಸಂಜೆ ರೇವಂತ್ ಸ್ಟೋರಿನಲ್ಲಿ ಕೂತು ಮುದ್ದೆ ಕಟ್ಟಿದರು ಎಂದೆಲ್ಲ ನೀನು ಊರ ಮುಂದೆ ಹೇಳಿಕೊಂಡು ತಿರುಗಬೇಡ. ನಾನಂತೂ ಅದನ್ನು ನೋಡಿಲ್ಲ.

ಇನ್ನು ಚೌಡಮ್ಮನ ಕೈಯಲ್ಲಿ ಪತ್ರ ಕಳಿಸಬೇಡ. ಅವಳಿಗೆ ತೊಂದರೆಯಾಗುತ್ತದೆ.

ಇಂತಿ,
ಸುಮನಾ


ಸಕಲೇಶಪುರ
28 ಡಿಸೆಂಬರ್ 2024

ಸುಮಿ,

ನೀನು ಕ್ಲಾಸಲ್ಲೂ ಹಿಂಗೇ ಸಿಕ್ಕಿಬೀಳ್ತಿದ್ದೆ. ಮೇಷ್ಟ್ರು ಏನೂ ಕೇಳೋ ಮುಂಚೆನೇ "ಸಾರ್, ಸೀಮೆಸುಣ್ಣ ನಾನು ಒಡೆದಿಲ್ಲ" ಅಂತ ಎದ್ದು ನಿಲ್ತಿದ್ದೆ.

ಮದ್ದು ಇಟ್ಟೋನು ನಿನ್ನ ಗಂಡ ಅಂತ ನಾನು ಬರೆದಿದ್ದೆ, ಅಷ್ಟೇ. ಸ್ಟೋರು ಅಂತ ಬರೆದಿರ್ಲಿಲ್ಲ. ಹಿಂದಿನ ಸಂಜೆ ಅಂತ ಬರೆದಿರ್ಲಿಲ್ಲ. ಅವನು ತಾನೇ ಕೂತು ಕಟ್ಟಿದ ಅಂತ ನಂಗೆ ಗೊತ್ತೇ ಇರ್ಲಿಲ್ಲ, ಯಾವನೋ ಕೂಲಿಯವನ ಕೈಲಿ ಮಾಡಿಸಿರ್ತಾನೆ ಅಂದ್ಕೊಂಡಿದ್ದೆ. ನೀನು ನೋಡಿದೀಯ. ಬಾಗಿಲಲ್ಲಿ ನಿಂತು ನೋಡಿದೀಯ, ಬಂದು ಮಲಗಿದೀಯ, ಮಾರನೇ ಮಧ್ಯಾಹ್ನ ನಮ್ಮೋರಿಗೆ "ಬನ್ನಿ ಭಾಯಿ" ಅಂತ ಕಾಫಿ ಕೊಟ್ಟಿದೀಯ. ಓದಿದಾಗ ನಿನ್ನ ಕೂದಲು ಹಿಡ್ಕೊಂಡು ಆ ಸಿಪ್ಪೆ ಗುಂಡೀಲಿ ಮುಳುಗಿಸ್ಬೇಕು ಅನ್ನಿಸ್ತು. ಇನ್ನೂ ಅನ್ನಿಸ್ತೈತೆ.

ಇಲ್ಲಿ ಏನಾಗ್ತೈತೆ ಅಂತ ಕೇಳು. ಆಸ್ಪತ್ರೇಲಿ ಇವರ ಮಂಚದ ಪಕ್ಕ ಪೊಲೀಸು ಕೂತಿರ್ತಿದ್ದ. ಬ್ಯಾಂಡೇಜು ಬಿಚ್ಚೋ ಮುಂಚೆ ಜಾಮೀನಿಗೆ ಓಡಾಡಿದ್ದಾಯ್ತು. ಮನೆಗೆ ಕರ್ಕೊಂಡು ಬಂದ ಮಾರನೇ ದಿನ ಇವರು ಸ್ಟ್ಯಾಂಡಿಗೆ ಹೋದ್ರು. ಹದಿನೈದು ವರ್ಷ ಗಾಡಿ ನಿಲ್ಲಿಸಿದ ಜಾಗ ಅದು. ಒಬ್ಬನೂ ಎದ್ದು ಬಂದು ಮಾತಾಡಿಸಲಿಲ್ಲ. ಹಿಂದಿನಿಂದ ಒಬ್ಬ "ದೂರ ನಿಂತ್ಕಳ್ರಪ್ಪೋ, ಬಾಂಬ್ ವಸೀಂ ಬಂದ" ಅಂದನಂತೆ, ಮಿಕ್ಕೋರು ನಕ್ಕರಂತೆ. ಅದೇ ವಾರ ಯಾರೋ ವ್ಯಾನಿನ ಮುಂದಿನ ಗಾಜಿಗೆ ಕಲ್ಲು ಹೊಡೆದು ಹೋದ್ರು. ಗಾಜಿನ ಚೂರೆಲ್ಲ ಬಾದಾಮಿ ಕೂರೋ ಸೀಟ್ ಮೇಲೆ ಬಿದ್ದಿತ್ತು.

ಕೈ ಹೋದ ನೋವಿಗೆ ಇವರು ಮಾತ್ರೆ ನುಂಗ್ತಾರೆ. ಈ ಹೆಸರಿಗೆ ಮಾತ್ರೆ ಇಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ರೆ ಊಟಕ್ಕೂ ಏಳಲ್ಲ.

ನೀನು ಬರ್ತೀಯೋ, ನಾನು ಬರ್ಲೋ? ಬರೋದಾದ್ರೆ ನಾನು ಬರೀ ಕೈಲಿ ಬರಲ್ಲ.

ನಸ್ರೀನ್


ಹೆಗ್ಗದ್ದೆ
16 ಜನವರಿ 2025

ನಸ್ರೀನ್,

ನೀನು ಹೇಳಿದಂತೆಯೇ ಬಂದೆ. ಕಾಫಿ ಕೊಯ್ಯುವವರೆಲ್ಲ ಕೆಲಸ ಬಿಟ್ಟು ನಿಂತು ನೋಡುತ್ತಿದ್ದರು. ಗೇಟಿನಲ್ಲಿ ನಮ್ಮ ವೈನರಿಯ ಬೋರ್ಡನ್ನು ನೀನು ಕತ್ತಿಯಿಂದ ಕೊಚ್ಚುತ್ತಿದ್ದ ಶಬ್ದ ಅಡುಗೆಮನೆಗೆ ಕೇಳಿತು. 'ನಿಮ್ಮ ನಾಯಿಯೊಂದಿಗೆ ಬನ್ನಿ' ಎಂದು ಬರೆಸಿದ್ದೆವಲ್ಲ, ಆ ಬೋರ್ಡು. ನಾನು ಹೊರಗೆ ಬರುವಷ್ಟರಲ್ಲಿ ರೇವಂತ್ ಕೋವಿ ತೆಗೆದುಕೊಂಡು ಇಳಿದಿದ್ದರು. ಮೊದಲ ಗುಂಡು ಆಕಾಶಕ್ಕೆ ಹೊಡೆದರು. ಎರಡನೆಯದು ಆಕಾಶಕ್ಕಲ್ಲ ನಸ್ರೀನ್, ಅದು ನಿನಗೇ. ನಿನ್ನ ಪಕ್ಕದ ಗೇಟಿನ ಕಂಬದ ಗಾರೆ ಕಿತ್ತು ಬಂತು. ನೀನು ಓಡಲಿಲ್ಲ. ಕೆನ್ನೆಯ ಮೇಲೆ ರಕ್ತ ಇಳಿಯುತ್ತಿದ್ದರೂ ನಿಂತು, "ಇನ್ನೊಂದು ಹೊಡಿಯೋ, ನಿನ್ನ ಹೆಂಡ್ತಿ ಇದನ್ನೂ ನೋಡಿಲ್ಲ ಅಂತಾಳೆ" ಎಂದು ಕೂಗಿದೆ. ಕೂಲಿಯವರು ನಿನ್ನನ್ನು ಎಳೆದುಕೊಂಡು ಹೋಗಿ ಬಸ್ಸಿಗೆ ಹತ್ತಿಸಿದರು. ಕೆನ್ನೆ ವಾಸಿಯಾಯಿತೆ?

ಅಂದು ರೇವಂತ್ ಬಾಗಿಲು ಹಾಕಿಕೊಂಡು ನನ್ನನ್ನು ಹೊಡೆದರು. ನಾನು ನಿನಗೆ ಏನು ಹೇಳಿದ್ದೇನೆ ಎಂದು ಕೇಳುತ್ತಾ ಬೆಲ್ಟಿನಲ್ಲಿ ಹೊಡೆದರು. ಏನೂ ಇಲ್ಲ ಎಂದಷ್ಟೂ ಹೊಡೆದರು. ಇದು ಹೊಸದಲ್ಲ. ನೀನು ಒಮ್ಮೆ ನನ್ನ ಮಣಿಕಟ್ಟು ನೋಡಿ ಕೇಳಿದ್ದಾಗ ಡ್ರಮ್ಮು ಜಾರಿತು ಅಂದಿದ್ದೆನಲ್ಲ, ಡ್ರಮ್ಮು ಜಾರಿರಲಿಲ್ಲ. ನನ್ನ ಫೋನೂ ಅವರ ಹತ್ತಿರವೇ ಇದೆ. ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದು ನಾನಲ್ಲ.

ಈಗ ನಿಜ ಬರೆಯುತ್ತೇನೆ. ಸಿಪ್ಪೆ ಗುಂಡಿಗೆ ಹಂದಿ ಹಿಂಡು ಬರಲು ಶುರುವಾಗಿತ್ತು. ಹುಳಿ ವಾಸನೆಗೆ ಅವಕ್ಕೆ ಹುಚ್ಚು. ಕಾಫಿ ಗಿಡದ ಬುಡ ಎಲ್ಲ ಅಗೆದು ಹಾಕುತ್ತಿದ್ದವು. ಒಂದು ಹಂದಿ ಗೆಸ್ಟಾಗಿ ಬಂದಿದ್ದ ಒಬ್ಬ ಹುಡುಗಿಯ ನಾಯಿಯ ಹೊಟ್ಟೆ ಬಗೆದು ಹಾಕಿತು, ಕರುಳು ಕೈಯಲ್ಲಿ ಹಿಡಿದುಕೊಂಡು ಆ ಹುಡುಗಿ ಅತ್ತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ. ಅದಾದ ಮೇಲೆ ರೇವಂತ್ ಎಲ್ಲಿಂದಲೋ ಮದ್ದು ತಂದರು. ಚೌಡಮ್ಮ ನಾಯಿಗಳಿಗೆಂದು ಮಾಡಿಟ್ಟ ಮುದ್ದೆಯನ್ನೇ ಪಾತ್ರೆಯಿಂದ ತೆಗೆದು ಅದಕ್ಕೆ ಸುತ್ತಿದರು. ನಾನು ಬಾಗಿಲಲ್ಲಿ ನಿಂತು, ನಾಳೆ ನಾಯಿ ಇರುವ ಗೆಸ್ಟುಗಳು ಬರುತ್ತಾರೆ ಎಂದೆ. "ಅವರ ನಾಯೀನ ಬೆಲ್ಟ್ ಹಾಕಿ ಹಿಡ್ಕೊಂಡಿರ್ತಾರೆ, ನೀನು ಹೋಗಿ ಮಲಕ್ಕೋ" ಎಂದರು. ನಾನು ಹೋಗಿ ಮಲಗಿದೆ. ಬಾದಾಮಿಗೆ ಬೆಲ್ಟ್ ಇಲ್ಲ ಎಂದು ನನಗೆ ನೆನಪಿತ್ತು ನಸ್ರೀನ್.

ಇದನ್ನು ಓದಿ ಸುಟ್ಟುಬಿಡು. ನಾನು ಠಾಣೆಯಲ್ಲಿ ಹೇಳಲಾರೆ. ಹೇಳಿದರೆ ರೇವಂತ್ ನನ್ನನ್ನು ಉಳಿಸುವುದಿಲ್ಲ.

ಸುಮಿ


ಸಕಲೇಶಪುರ
30 ಜನವರಿ 2025

ಸುಮಿ,

ಸುಟ್ಟೆ. ಒಲೆಗೆ ಹಾಕೋ ಮುಂಚೆ ಹತ್ತು ಸಲ ಯೋಚನೆ ಮಾಡಿದೆ. ಆ ಕಾಗದ ತಗೊಂಡು ನೇರ ಠಾಣೆಗೆ ಹೋಗಿ ಮೇಜಿನ ಮೇಲೆ ಬಿಸಾಕಿದ್ರೆ ಆಗೋಗ್ತಿತ್ತು. ಹಂಗೆ ಮಾಡಿದ್ರೆ ನಿನ್ನನ್ನ ಆ ಮನೇಲಿ ಅವನ ಕೈಗೆ ಒಪ್ಪಿಸಿದಂಗೆ ಅಂತ ಸುಮ್ನಾದೆ. ನನ್ನ ಮೇಲೆ ನಂಗೇ ಸಿಟ್ಟು ಬಂತು. ನಿನ್ನ ಮೇಲಂತೂ ಬಿಡು.

ಬೆಲ್ಟಲ್ಲಿ ಹೊಡೀತಾನಾ? ಮೊದ್ಲೇ ಯಾಕೆ ಬೊಗಳಲಿಲ್ಲ ನೀನು? ಡ್ರಮ್ಮು ಜಾರ್ತು ಅಂದಾಗ ನಾನು ನಂಬಿದ್ನಲ್ಲ, ನನ್ನ ಬುದ್ಧಿಗಿಷ್ಟು. ಆ ಹೊತ್ತಿಗೇ ಗೊತ್ತಾಗಿದ್ರೆ ಇವರೂ ನಾನೂ ಬಂದು ನಿನ್ನ ಗಂಟುಮೂಟೆ ಸಮೇತ ವ್ಯಾನಿಗೆ ಹಾಕ್ಕೊಂಡು ಬರ್ತಿದ್ವಿ. ಆಗ ಇವರಿಗೆ ಎರಡು ಕೈ ಇತ್ತು.

ಮೊನ್ನೆ ಏನಾಯ್ತು ಗೊತ್ತಾ? ಬಾದಾಮಿ ಮೊದಲ ಸಲ ಶೆಡ್ಡಿಂದ ಎದ್ದು ಹೊರಗೆ ಹೋಯ್ತು. ಒಂದು ಕಣ್ಣಲ್ಲಿ ಗೋಡೆ ಸವರ್ಕೊಂಡು ಎಲ್ಲೋ ತಿರುಗಾಡಿ, ಯಾರೋ ಎಸೆದಿದ್ದ ಬನ್ನು ಕಚ್ಕೊಂಡು ಬಂತು. ಇವರು ಜಗಲಿ ಮೇಲೆ ಕೂತಿದ್ರು. ಬಂದು ಇವರ ಕೈ ಹುಡುಕ್ತು. ಬಲಗೈ ಇದ್ದ ಕಡೆಗೇ ಮುಖ ಚಾಚ್ತು, ಅಲ್ಲಿ ಏನೂ ಇಲ್ಲ. ಮೋಟು ತೋಳಿನ ಬ್ಯಾಂಡೇಜಿಗೆ ಆ ಬನ್ನು ತಾಗಿಸ್ತು.

ಇವರು ಕಿರುಚಿದ ರೀತಿಗೆ ಬೀದಿ ಜನ ಓಡಿ ಬಂದ್ರು. ಎದ್ದು ಒದ್ದರು ಕಣೇ ಅದನ್ನ. ಪಕ್ಕೆಗೆ ಒದ್ದರು, ಬಿದ್ದಲ್ಲಿಗೇ ಹೋಗಿ ಮತ್ತೆ ಒದ್ದರು. ನಾನು ಎಳೆಯೋಕೆ ಹೋದ್ರೆ ನಂಗೂ ಒಂದು ಬಿತ್ತು. ನನ್ನ ಮೇಲೆ ಯಾವತ್ತೂ ಕೈ ಎತ್ತಿದ ಮನುಷ್ಯ ಅಲ್ಲ ಇವರು. ನಾಯಿ ಓಡಲಿಲ್ಲ, ಕಿವಿ ಕೇಳಲ್ವಲ್ಲ, ಯಾಕೆ ಹೊಡೀತಾವ್ರೆ ಅಂತ ಗೊತ್ತಾಗದೆ ಅವರ ಕಾಲಿಗೇ ಒರಗ್ತು. ಆಮೇಲೆ ಇವರು ಅದನ್ನ ತಬ್ಕೊಂಡು ನೆಲದ ಮೇಲೆ ಕೂತು ಅತ್ರು. "ನಾನೇ ಕಲಿಸಿದ್ದು ನಸ್ರೀನ್, ಈ ಪಾಠ ನಾನೇ ಕಲಿಸಿದ್ದು" ಅಂತ. ನಮ್ಮತ್ತೆ, ನಾಯಿ ಮುಟ್ಟಿದ ಬಟ್ಟೆ ಬೇರೆ ಒಗೆಸೋರು, ಬಂದು ಅದರ ಪಕ್ಕೆಗೆ ಅರಿಶಿನ ಬಿಸಿ ಮಾಡಿ ಹಚ್ಚಿದ್ರು.

ಇಷ್ಟೆಲ್ಲ ನನ್ನ ಮನೇಲಿ ಆಗ್ತಿರೋವಾಗ ನೀನು ನಂಗೊಬ್ಬಳಿಗೆ ಗುಟ್ಟಾಗಿ ನಿಜ ಹೇಳಿ ಸುಡು ಅಂತೀಯ. ನಂಗೆ ಯಾಕೆ ಹೇಳ್ತೀಯ? ನಂಗೆ ಗೊತ್ತಿತ್ತು. ಜಡ್ಜ್ ಮುಂದೆ ಹೇಳು. ಸಾಯಿಸ್ತಾನೆ ಅನ್ನೋ ಭಯಾನಾ? ಸುಮ್ನಿದ್ರೆ ಬಿಡ್ತಾನಾ? ಮನೆ ಬಿಟ್ಟು ಬಾ. ಸ್ಟೇಷನ್ ಮೆಟ್ಟಿಲಿನವರೆಗೂ ನಾನು ಜೊತೆ ಇರ್ತೀನಿ.

ನಸ್ರೀನ್


ಹೆಗ್ಗದ್ದೆ
21 ಫೆಬ್ರವರಿ 2025

ನಸ್ರೀನ್,

ಇದನ್ನು ಇವತ್ತೇ ಸ್ಪೀಡ್ ಪೋಸ್ಟಿಗೆ ಹಾಕಿಸುತ್ತೇನೆ. ಚೌಡಮ್ಮ ಬರುವ ಹಾಗಿಲ್ಲ.

ಹಂದಿಗಳು ಮತ್ತೆ ಬಂದಿವೆ. ಗೆಸ್ಟುಗಳೂ ಮತ್ತೆ ಬರುತ್ತಿದ್ದಾರೆ. ಈ ಭಾನುವಾರ ಎರಡು ಕಾರು, ಮೂರು ನಾಯಿ, ಒಂದು ಸಣ್ಣ ಮಗು ಎಂದು ಬುಕ್ ಆಗಿದೆ. ನಿನ್ನೆ ಸಂಜೆ ರೇವಂತ್ ನನ್ನನ್ನೂ ಕರೆದುಕೊಂಡು ಲೈನಿಗೆ ಹೋಗಿ ಚೌಡಮ್ಮನಿಗೆ ಹೆಚ್ಚಿಗೆ ಮುದ್ದೆ ಕಟ್ಟು ಎಂದರು. ಅವಳಿಗೆ ಅರ್ಥವಾಯಿತು. "ನಾಯಿಗೆ ಅಂದ್ರೆ ಮಾಡ್ತೀನಿ ಒಡೆಯಾ, ಆ ಕೆಲ್ಸಕ್ಕೆ ನನ್ನ ಕೈ ಬರಲ್ಲ" ಎಂದಳು. ಒಲೆಯ ಮೇಲೆ ಎಸರು ಮರಳುತ್ತಿತ್ತು. ಅವರು ಕಾಲಲ್ಲಿ ಪಾತ್ರೆಯನ್ನು ಒದ್ದರು. ಇಡೀ ಎಸರು ಅವಳ ಎರಡೂ ಪಾದದ ಮೇಲೆ ಬಿತ್ತು. ನಾನು ಸೀರೆ ಸರಿಸಿ ನೋಡಿದರೆ ಚರ್ಮ ಕಾಲ್ಚೀಲದ ಹಾಗೆ ಸರಿದು ಬಂತು. ಅವಳು ನನ್ನ ಕೈ ಹಿಡಿದು, "ಅಮ್ಮಾ, ನೀವಾದ್ರೂ ಒಂದ್ ಮಾತು ಅನ್ನಬಾರ್ದಾ" ಎಂದಳು. ಬೈಯಲಿಲ್ಲ, ಅಷ್ಟೇ ಕೇಳಿದಳು.

ನಾನು ಗೆಸ್ಟುಗಳಿಗೆ ಬರಬೇಡಿ ಎಂದು ಹೇಳಿಸಿದ್ದೇನೆ. ಚೌಡಮ್ಮನನ್ನು ಅವಳ ಸೊಸೆಯ ಜೊತೆ ಆಸ್ಪತ್ರೆಗೆ ಕಳಿಸಿದ್ದೇನೆ. ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಸಕಲೇಶಪುರಕ್ಕೆ ಬರುತ್ತೇನೆ. ನನಗೆ ಈಗಲೂ ಭಯವಿದೆ. ನೀನು ಬಸ್ ಸ್ಟ್ಯಾಂಡಿನಲ್ಲಿ ನಿಂತಿರು.

ಸುಮಿ


ಆಲೂರು, ಶೀಲಕ್ಕನ ಮನೆ
14 ಮಾರ್ಚ್ 2025

ನಸ್ರೀನ್,

ಸೋಮವಾರ ನೀನು ಸಂಜೆಯವರೆಗೂ ಬಸ್ ಸ್ಟ್ಯಾಂಡಿನಲ್ಲಿ ಕಾದೆಯಂತೆ. ನಾನು ಮೋಸ ಮಾಡಿದೆ ಎಂದು ಬಸ್ಸಿನ ಬಾಗಿಲಿಗೆ ಉಗಿದು ಹೋದೆಯಂತೆ. ನನ್ನ ಅಕ್ಕ ಶೀಲಕ್ಕನಿಗೆ ಯಾರೋ ಹೇಳಿದರು. ನಿನಗೆ ಹಾಗೆ ಅನ್ನಿಸಿದ್ದು ಸಹಜ.

ಬೆಳಿಗ್ಗೆ ಸೀರೆ ಉಟ್ಟು ಹೊರಟೆ. ರೇವಂತ್ ಜಗಲಿಯಲ್ಲಿ ಕೂತು ಕೋವಿ ಒರೆಸುತ್ತಿದ್ದರು. ಎಲ್ಲಿಗೆ ಎಂದರು. ಅಕ್ಕನ ಮನೆಗೆ ಎಂದು ಹೇಳಲು ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ. ಬಾಯಿಗೆ ಬಂದದ್ದೇ ಬೇರೆ. "ಠಾಣೆಗೆ. ನೀವು ಮದ್ದು ಕಟ್ಟಿದ್ದನ್ನು ನಾನು ನೋಡಿದ್ದೇನೆ, ಅದನ್ನು ಹೇಳುವುದಕ್ಕೆ" ಎಂದೆ. ಮದುವೆಯಾದ ಮೇಲೆ ಅವರ ಮುಖ ನೋಡಿಕೊಂಡು ಹೇಳಿದ ಮೊದಲ ನಿಜ ಅದು.

ಕೋವಿಯ ಹಿಂಬದಿಯಿಂದ ಹೊಡೆದರು. ದವಡೆ ಮುರಿದ ಶಬ್ದ ನನ್ನ ತಲೆಯ ಒಳಗೇ ಕೇಳಿತು. ಕೆಳಗೆ ಬಿದ್ದ ಮೇಲೆ ಬಾಯಿಯ ಮೇಲೆ ಬೂಟು ಇಟ್ಟು ಒತ್ತಿದರು. "ಈಗ ಹೋಗಿ ಹೇಳು" ಎಂದರು. ನಾಲ್ಕು ಹಲ್ಲು ನನ್ನ ಅಂಗೈಗೇ ಉದುರಿದವು. ಕಾಫಿ ಕಣದ ಹೆಂಗಸರು ಸನಿಕೆ, ಕುಂಟೆ ಹಿಡಿದು ಒಟ್ಟಿಗೆ ಮೆಟ್ಟಿಲು ಹತ್ತಿದ್ದರಿಂದ ರೇವಂತ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚೌಡಮ್ಮನ ಸೊಸೆ ನನ್ನನ್ನು ಟ್ರ್ಯಾಕ್ಟರಿಗೆ ಎತ್ತಿ ಹಾಕಿದಳು.

ಹಾಸನದ ಆಸ್ಪತ್ರೆಗೆ ಮ್ಯಾಜಿಸ್ಟ್ರೇಟರು ಬಂದರು. ದವಡೆ ಕೂಡಲೆಂದು ನನ್ನ ಬಾಯಿಗೆ ತಂತಿ ಕಟ್ಟಲಾಗಿತ್ತು. ಹೇಳುವುದಕ್ಕೆ ಆಗುತ್ತದೆಯೇ ಎಂದು ಕೇಳಿದರು, ಇಲ್ಲ ಎಂದು ತಲೆಯಾಡಿಸಿದೆ. ಅವರು ಹೊರಡಲು ಎದ್ದಾಗ ನಾನು ಅವರ ಜೇಬಿನ ಪೆನ್ನನ್ನು ಕಿತ್ತುಕೊಂಡೆ. ನರ್ಸ್ ಗಾಬರಿಯಾದಳು. ಅವರು ಕಾಗದ ಕೊಟ್ಟರು, ನಾನು ಬರೆದೆ. ಸಂಜೆ ಸ್ಟೋರಿನಲ್ಲಿ ನೋಡಿದ್ದು, ಮಲಗಿದ್ದು, ಸುಳ್ಳು ಹೇಳಿಕೆಗೆ ಸಹಿ ಹಾಕಿದ್ದು, ಎಲ್ಲವನ್ನೂ ಬರೆದೆ. ಉಳಿದ ಮದ್ದು ಯಾವ ಡ್ರಮ್ಮಿನ ಹಿಂದೆ ಇದೆ ಎಂದೂ ಬರೆದೆ. ಅಲ್ಲೇ ಸಿಕ್ಕಿತಂತೆ. ರೇವಂತ್ ಈಗ ಒಳಗಿದ್ದಾರೆ. ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೂ ಕೇಸು ಆಗಬಹುದು ಎಂದು ವಕೀಲರು ಹೇಳಿದರು. ಆಗಲಿ.

ವೈನರಿಗೆ ಬೀಗ ಬಿದ್ದಿದೆ. ಡ್ರಮ್ಮುಗಳಲ್ಲಿದ್ದುದನ್ನೆಲ್ಲ ನೆಲಕ್ಕೆ ಸುರಿದರಂತೆ. ಅದನ್ನು ಕೇಳಿ ಅಳು ಬಂತು, ಅಳುವುದಕ್ಕೂ ದವಡೆ ಬೇಕು ಎಂದು ಆಗ ಗೊತ್ತಾಯಿತು.

ವಸೀಂ ಭಾಯಿಗೆ ಹೇಗೆ ಹೇಳಲಿ, ಏನು ಹೇಳಲಿ ಎಂದು ಗೊತ್ತಾಗುತ್ತಿಲ್ಲ. ನನ್ನನ್ನು ಕ್ಷಮಿಸುತ್ತೀಯಾ ಎಂದು ಕೇಳುವ ಧೈರ್ಯವೂ ಇಲ್ಲ. ಆದರೂ ಕೇಳುತ್ತಿದ್ದೇನೆ.

ಸುಮಿ


ಸಕಲೇಶಪುರ
2 ಏಪ್ರಿಲ್ 2025

ಸುಮಿ,

ಇವರ ಮೇಲಿದ್ದ ಕೇಸು ಕೈಬಿಟ್ರು. ನಿನ್ನೆ ವಕೀಲರು ಫೋನ್ ಮಾಡಿ ಹೇಳಿದ್ರು. ನಾನು ಒಳಗೆ ಓಡಿ ಹೋಗಿ ಹೇಳಿದ್ರೆ, ಇವರು ಕುಣೀಲಿಲ್ಲ, ಅಳಲಿಲ್ಲ. "ಹಂಗಾದ್ರೆ ನಾನು ಸ್ಟ್ಯಾಂಡಿಗೆ ಹೋಗ್ಬಹುದಾ?" ಅಂದ್ರು. ನೋಡು ಸುಮಿ, ತಪ್ಪೇ ಮಾಡದ ಮನುಷ್ಯ ತನ್ನ ಊರಲ್ಲಿ ನಡೆಯೋಕೆ ನನ್ನ ಹತ್ರ ಪರ್ಮಿಶನ್ ಕೇಳ್ತಾವ್ರೆ.

ಹೋದ್ರು. ನಾನೂ ಹಿಂದೆ ಹೋದೆ, ಬಿಡ್ತೀನಾ? ಗಾಡಿಯವರೆಲ್ಲ ಎದ್ದು ನಿಂತ್ರು. ಒಬ್ಬ ಬೆಂಚು ಒರೆಸ್ದ, ಇನ್ನೊಬ್ಬ ಟೀ ತಂದ. ಇವರು ಎಡಗೈಲಿ ಲೋಟ ಹಿಡ್ಕೊಂಡು ನಿಧಾನಕ್ಕೆ ಕುಡಿದು ಮುಗಿಸಿದ್ರು. ಆಮೇಲೆ ಬಾಂಬ್ ಅಂದೋನ ಹತ್ರ ಹೋಗಿ ಆ ಎಡಗೈಲೇ ಕೆನ್ನೆಗೆ ಎಂಥ ಏಟು ಕೊಟ್ರು ಅಂದ್ರೆ ಅವನು ಆಟೋ ಒಳಕ್ಕೆ ಬಿದ್ದ. ಯಾರೂ ಬಿಡಿಸೋಕೆ ಬರಲಿಲ್ಲ. ಏಟು ತಿಂದೋನೂ ಎದ್ದು ತಲೆ ತಗ್ಗಿಸಿ ನಿಂತ. "ಎಡಗೈ ಇನ್ನೂ ಪಳಗಬೇಕು" ಅಂದ್ರು ಇವರು, ಇಷ್ಟು ದಿನ ಆದ್ಮೇಲೆ ಮೊದಲ ಸಲ ನಕ್ಕರು.

ಈಗ ನಿನ್ನ ವಿಚಾರ. ಬಸ್ ಸ್ಟ್ಯಾಂಡಲ್ಲಿ ನಿನ್ನ ಏಳು ತಲೆಮಾರು ಬೈದೆ, ಅದನ್ನ ವಾಪಸ್ ತಗೊಂಡೆ. ಆ ಹೊತ್ತಿಗೆ ನೀನು ರಕ್ತ ಕಾರ್ತಾ ಟ್ರ್ಯಾಕ್ಟರಲ್ಲಿ ಬಿದ್ದಿದ್ದೆ ಅಂತ ಗೊತ್ತಾದಾಗ ನಾನು ಬಚ್ಚಲುಮನೆ ಬಾಗಿಲು ಹಾಕ್ಕೊಂಡು ಅತ್ತೆ. ಚೌಡಮ್ಮನ್ನ ನೋಡ್ಕೊಂಡು ಬಂದೆ. ಪಾದ ಒಣಗ್ತಾ ಐತೆ, ಕೋಲು ಹಿಡಿದು ನಡೀತಾಳೆ. ನಿನ್ನನ್ನ ಅವಳು ಬಯ್ಯಲ್ಲ, ಅವಳು ದೊಡ್ಡ ಮನಸ್ಸಿನೋಳು. ನಾನಲ್ಲ.

ಕ್ಷಮಿಸ್ತೀಯಾ ಅಂತ ಕೇಳಿದೀಯ. ಕ್ಷಮಿಸಲ್ಲ. ಇವರ ಕೈ ತೆಗೆದೋನು ನಿನ್ನ ಗಂಡ, ಅದರ ಲೆಕ್ಕ ಕೋರ್ಟು ನೋಡ್ಕೊಳ್ತೈತೆ. ಆದ್ರೆ ಆವತ್ತಿಂದ ಇವತ್ತಿನವರೆಗೆ ಇವರು ಗೋಡೆ ಕಡೆ ಮುಖ ಮಾಡಿ ಮಲಗಿದ್ರಲ್ಲ, ಅದನ್ನ ಮಾಡಿದೋಳು ನೀನು. ಒಂದು ಮಾತಿಗೆ ಮುಗೀತಿತ್ತು. ಒಂದು ಮಾತು ಕಣೇ! ಅದನ್ನ ನಾನು ನಿನ್ನ ಎದುರಿಗೆ ಕೂತು, ಗಂಟಲು ಹರಿಯೋ ಹಂಗೆ ಕೇಳ್ಬೇಕು. ನೀನೂ ನಂಗೆ ಕೂಗಬೇಕು, ಆ ಮನೇಲಿ ನಾನು ಹೆಂಗೆ ಬದುಕಿದ್ದೆ ಅಂತ ನಿಂಗೇನೇ ಗೊತ್ತು ಅಂತ ನನ್ನ ಮುಖಕ್ಕೆ ಹೊಡೆದಂಗೆ ಹೇಳ್ಬೇಕು. ಅದಕ್ಕೂ ನಂಗೆ ಬಯ್ಯೋಕೆ ಬಾಯಿ ಐತೆ.

ಶೀಲಕ್ಕನ ಮನೆಗೆ ಭಾನುವಾರ ಬರ್ತಿದೀನಿ. ಇವರು ಬಸ್ಸಲ್ಲಿ ಜೊತೆಗೆ ಬರ್ತೀನಿ ಅಂದವ್ರೆ. ನುಣ್ಣಗೆ ಅರೆದು ಅಕ್ಕಿ ಗಂಜಿ ತರ್ತೀನಿ, ಸ್ಟ್ರಾನಲ್ಲಿ ಕುಡಿಯೋ ಹಂಗೆ ತೆಳ್ಳಗೆ ಮಾಡಿರ್ತೀನಿ. ಬೇಡ ಅಂತ ತಲೆ ಆಡಿಸಿದ್ರೆ ಮೂಗು ಹಿಡಿದು ಕುಡಿಸ್ತೀನಿ. ಡಾಕ್ಟ್ರು ಹೇಳಿದಂಗೆ ಕೇಳು, ಎಲುಬು ಕೂಡಿಕೊಳ್ಳಲಿ, ತಂತಿ ಬಿಚ್ಚಲಿ. ಬೇಗ ವಾಸಿ ಮಾಡ್ಕೋ ಆ ದವಡೇನ. ತಿರುಗಿ ಬಯ್ಯೋಕೆ ಬಾಯಿ ಇಲ್ದೋಳ ಜೊತೆ ಜಗಳ ಆಡೋಕೆ ನಂಗೆ ಆಗಲ್ಲ.

ನಸ್ರೀನ್